ನಲವತ್ತೊಂಬತ್ತು ದಿನ ಹದಿನೇಳು ಗಂಟೆ

ನನ್ನ ಪೆಟ್ಟಿಗೆ ಎಂದೂ ಕೈಕೊಟ್ಟಿಲ್ಲ ಎಂದು ಕೋಲಾರದ ಪಾಲಿಟೆಕ್ನಿಕ್ಕಿನ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಜಂಬ ಕೊಚ್ಚಿದ್ದೆನೋ! ಈಗ ನೆನೆದರೆ ನನ್ನ ಬಾಯಿಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ.

ರೇಷ್ಮೆ ಮರಿಹುಳು ಸಾಕುವ ಚಾಕಿ ಕೋಣೆಯ ಶಾಖ ನೋಡಿಕೊಳ್ಳುವ ಪುಟ್ಟ ಪೆಟ್ಟಿಗೆ ಅದು. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಯಾವ ಕೆಲಸ ಯಾವ ಕ್ಷಣಕ್ಕೆ ಆಗಬೇಕೋ ಆ ಕ್ಷಣಕ್ಕೇ ಮಾಡಿಸುವುದು ಅದರ ಹೆಚ್ಚುಗಾರಿಕೆ. ಅದರ ಮೇಲೆ ನಾನು ಬರೆದದ್ದು ಇಷ್ಟೇ: ಹತ್ತು ನಿಮಿಷ ಹೀಟರ್ ಉರಿಸು, ಆರಿಸು, ಶಾಖ ನೋಡು. ಬರೆದದ್ದನ್ನು ಆ ಸಿಸ್ಟಮ್ ಬಳಸುವವರ ಇ-ಮೇಲ್ ಗುಂಪಿಗೂ ಕಳಿಸಿದ್ದೆ, ನಾಲ್ಕು ಜನ ಹೊಗಳಲಿ ಎಂದು.

ಎರಡು ಸಾವಿರದ ಐದರ ಜನವರಿ ಹದಿನಾರು. ಬ್ರೌಸಿಂಗ್ ಸೆಂಟರಿನಲ್ಲಿ ಕೂತು ನೋಡಿದರೆ ಯಾವನೋ ಗುರುತಿಲ್ಲದವನು ಉತ್ತರ ಬರೆದಿದ್ದ. ಶುರುವಾದಾಗಿನಿಂದ ಎಷ್ಟು ಹೊತ್ತಾಯಿತೆಂದು ಪೆಟ್ಟಿಗೆ ಇಡುವ ಎಣಿಕೆ ನಲವತ್ತೊಂಬತ್ತು ದಿನ ಹದಿನೇಳು ಗಂಟೆಗೆ ತುಂಬಿ ಸೊನ್ನೆಗೆ ಬೀಳುತ್ತದೆ, ಆ ಗಳಿಗೆಯಲ್ಲಿ ಹೀಟರ್ ಉರಿಯುತ್ತಿದ್ದರೆ ಆರಿಸುವ ಹೊತ್ತಾಯಿತೆಂದು ಪೆಟ್ಟಿಗೆಗೆ ತಿಳಿಯದೆ ಆಮೇಲೆ ಆರುವುದೇ ಇಲ್ಲ, ತಪ್ಪು ಸಿಸ್ಟಮ್ಮಿನದಲ್ಲ, ನಿಮ್ಮದು, ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿದ್ದ.

ಮಾಡಿದ್ದೆ, ಮೂರು ತಿಂಗಳು! ಆದರೆ ನಮ್ಮ ಕೋಲಾರದಲ್ಲಿ ದಿನಕ್ಕೆರಡು ಸಲ ಕರೆಂಟ್ ಹೋಗುತ್ತದಲ್ಲ. ಹೋಗಿ ಬಂದಾಗಲೆಲ್ಲ ಎಣಿಕೆ ಮೊದಲಿನಿಂದ ಶುರುವಾಗುತ್ತಿತ್ತು. ಕರೆಂಟ್ ಹೋದರೂ ಪೆಟ್ಟಿಗೆ ನಿಲ್ಲದಂತೆ ಬ್ಯಾಟರಿ ಕೂರಿಸಿದ್ದು ಒಂದೇ ಕಡೆ, ಮುಳಬಾಗಿಲಿನ ಆಚೆ, ಮರಿಹುಳು ಬೆಳೆಸಿ ರೈತರಿಗೆ ಕೊಡುವ ಮುನಿಯಲ್ಲಮ್ಮನವರ ಚಾಕಿ ಕೋಣೆಯಲ್ಲಿ. ಸುತ್ತಿನ ಮೂವತ್ತು ಮನೆಯವರು ಮರುದಿನ ಒಯ್ಯಬೇಕಿದ್ದ ಮರಿಹುಳು ಅಲ್ಲಿದ್ದವು. ಪೆಟ್ಟಿಗೆ ಶುರುಮಾಡಿದ್ದು ನವೆಂಬರ್ ಇಪ್ಪತ್ತೇಳರ ಸಂಜೆ ಏಳಕ್ಕೆ. ಬೆರಳು ಮಡಿಸಿ ಎಣಿಸಿದೆ. ಎಣಿಕೆ ತುಂಬುವುದು ಇವತ್ತೇ, ಮಧ್ಯಾಹ್ನ ಹನ್ನೆರಡಕ್ಕೆ. ಆಗಲೇ ಹತ್ತೂವರೆಯಾಗಿತ್ತು.

ಬೂತಿನಿಂದ ಅವರ ಮನೆಗೆ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿರಬೇಕು. ಓಡಿಹೋಗಿ ಬಸ್ಸು ಹತ್ತಿದರೆ ಅದು ಅಲ್ಲಾಡಲೊಲ್ಲದು.

"ಯಾವಾಗಪ್ಪ ಬಿಡೋದು?"

"ಕೂತ್ಕೊಳಿ ಸಾರ್, ಸೀಟು ತುಂಬ್ಲಿ," ಎಂದ ಕಂಡಕ್ಟರ್.

ಕೂರುವುದೆಲ್ಲಿ ಬಂತು? ಎದ್ದೆ, ಇಳಿದೆ, ಮತ್ತೆ ಹತ್ತಿದೆ. ಹನ್ನೆರಡು ಹೊಡೆದಾಗ ಬಸ್ಸು ಇನ್ನೂ ಅರ್ಧ ದಾರಿಯಲ್ಲಿತ್ತು. ಹೀಟರ್ ಆರಿರಲಪ್ಪ ದೇವರೇ ಎಂದು ಗೊಣಗಿಕೊಂಡೆ. ಮುಳಬಾಗಿಲಿನಲ್ಲಿ ಇಳಿದು ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಆಟೋ ಸಿಗದೆ ನಾಲ್ಕು ಮೈಲಿ ಓಡುತ್ತಾ ನಡೆಯುತ್ತಾ ತಲುಪುವಾಗ ಎರಡು ಗಂಟೆ.

ಚಾಕಿ ಕೋಣೆಯ ಬಾಗಿಲು ತೆಗೆದರೆ ಮುಖಕ್ಕೆ ಬಿಸಿ ರಾಚಿತು. ಹೀಟರ್ ಕೆಂಪಗೆ ಉರಿಯುತ್ತಿತ್ತು. ವೈರು ಕಿತ್ತೆ. ತಟ್ಟೆಗಳಲ್ಲಿ ಸೊಪ್ಪು ಒಣಗಿ ಮುರುಟಿತ್ತು, ಒಂದು ಹುಳುವೂ ಮಿಸುಕಲಿಲ್ಲ.

ಸದ್ದಿಗೆ ಮುನಿಯಲ್ಲಮ್ಮ ಕಂಬಳಿ ಹೊದ್ದುಕೊಂಡೇ ಒಳಮನೆಯಿಂದ ಎದ್ದು ಬಂದರು. ಒಂದೊಂದೇ ತಟ್ಟೆ ಎಳೆದು ನೋಡಿದರು.

"ಹನ್ನೆರಡೂವರೆಗೆ ಸೊಪ್ಪು ಹಾಕಕ್ಕೆ ಬಂದೆ ಸಾರ್. ಒಳಗೆ ಕಾಲಿಟ್ರೆ ಮೈಯೆಲ್ಲಾ ಕಾದಂಗಾಯ್ತು. ಮಿಷಿನ್ ಇರುವಾಗ ಶಾಖ ಯಾಕೆ ಜಾಸ್ತಿ ಆಗ್ತೈತೆ? ನಂಗೇ ಜ್ವರ ಬಂದೈತೆ ಅಂದ್ಕೊಂಡು ಮಾತ್ರೆ ನುಂಗಿ ಮಲಗ್ಬಿಟ್ಟೆ. ಇಪ್ಪತ್ತು ವರ್ಷ ಹುಳ ಸಾಕಿದೋಳು ನಾನು, ಒಂದೂ ಸಾಯಿಸಿರ್ಲಿಲ್ಲ."

ನನಗೆ ಅಳು ಬಂತು. "ಜ್ವರ ಅಲ್ಲ ಮುನಿಯಲ್ಲಮ್ಮ, ನಿಮ್ಮ ಮೈ ಸರಿಯಾಗೇ ಹೇಳಿತ್ತು. ಮಿಷಿನ್ ತಪ್ಪಿದ್ದು. ನಾನು ತಪ್ಪಿದ್ದು."

ಅವರು ನಂಬಲಿಲ್ಲ. "ಓದಿದೋರು ಹಂಗೆಲ್ಲ ಅನ್ಬಾರ್ದು ಸಾರ್," ಎಂದು ಕಣ್ಣೊರೆಸಿಕೊಂಡು ನನಗೇ ಸಮಾಧಾನ ಹೇಳಿದರು.