ಬಳೆ ಸಪ್ಪಳದ ಹಿಂದೆ ಬಂದ ಕೂಸು

ನನ್ನನ್ನು ಮೇಜು ಎಂದರೆ ಮೇಜು, ಹೊಂಡ ಎಂದರೆ ಹೊಂಡ. ಹುಟ್ಟಿದ್ದು ಧಾರವಾಡದಲ್ಲಿ, ಮೌನೇಶ ಬಡಿಗೇರನ ಕೈಯಲ್ಲಿ. ಸಾಗವಾನಿಯ ಕಾಲು ಜೋಡಿಸುತ್ತ ಅವನು ಮೂರು ಸಲ ಕೇಳಿದ್ದ: "ಬಾಯಾರ, ಗಾಜಿನ ಮ್ಯಾಲ ಕೂಸು ಬಿಡ್ತೀರಿ? ತಲಿ ನೆಟ್ಟಗೈತಿಲ್ರಿ?"

ಬಾಯಾರು ಎಂದರೆ ಪದ್ಮಜಾ ನರಗುಂದ, ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವರು. ಅಂಬೆಗಾಲಿಡುವ ಕೂಸಿನ ಕಣ್ಣಿಗೆ ಆಳ ಎಂಬುದು ಯಾವಾಗ ತಿಳಿಯುತ್ತದೆ? ಅದು ಅವರ ಸಂಶೋಧನೆ. ಅದಕ್ಕಾಗಿಯೇ ನಾನು. ಮೈತುಂಬ ದಪ್ಪ ಗಾಜು. ಅರ್ಧಕ್ಕೆ ಚೌಕಳಿ ಬಟ್ಟೆ ಗಾಜಿಗೇ ಅಂಟಿದೆ. ಇನ್ನರ್ಧಕ್ಕೆ ಅದೇ ಬಟ್ಟೆ ಕೆಳಗೆ ನೆಲದ ಮೇಲಿದೆ. ನೋಡಿದರೆ ಹೊಂಡ, ಮುಟ್ಟಿದರೆ ಗಟ್ಟಿ. ಹೊಂಡದ ಆಚೆ ತಾಯಿ ನಿಂತು ಕೈಚಾಚಬೇಕು, ಸದ್ದು ಮಾಡಬಾರದು.

ಮೂವತ್ತೇಳು ಕೂಸುಗಳು ಬಂದವು. ಅಂಚಿಗೆ ಬಂದು ಗಾಜು ತಟ್ಟಿದವು, ಕೆಳಗೆ ಇಣುಕಿದವು, ಅತ್ತವು. ಎರಡು ನನ್ನ ಮೇಲೆಯೇ ಉಚ್ಚೆ ಹೊಯ್ದವು. ಒಂದೂ ದಾಟಲಿಲ್ಲ.

ಮೂವತ್ತೆಂಟನೆಯದು ಸಂಗಮೇಶ, ಒಂಬತ್ತು ತಿಂಗಳ ಕೂಸು. ಅವನ ತಾಯಿ ನೀಲವ್ವನಿಗೆ ಮುಂಗೈ ತುಂಬ ಹಸಿರು ಬಳೆ.

"ಬಳಿ ತಗೀಬೇಕವ್ವಾ. ಕೂಸು ಸಪ್ಪಳಾ ಕೇಳಿ ಬರಬಾರದು" ಎಂದರು ಬಾಯಾರು.

"ಗಂಡ ಗಟ್ಟ್ಯಾಗಿ ಅದಾನ್ರಿ, ನಾ ಯಾಕ ಬಳಿ ತಗೀಲಿ? ನಿಮ್ಮ ಪರೀಕ್ಷಾ ನೀವ ಇಟ್ಕೋರಿ!"

ಬಾಯಾರು ಸೋತರು. "ಆತು, ಕೈ ಅಲಗಸಬ್ಯಾಡ."

ತಾಯಿಯ ಕೈ ಸುಮ್ಮನಿರುತ್ತದೆಯೇ? ಬಳೆ ಘಲ್ಲೆಂದಿತು. ಕೂಸು ಹೊರಟಿತು. ಅಂಚಿನಲ್ಲಿ ನಿಲ್ಲಲಿಲ್ಲ, ತಟ್ಟಲಿಲ್ಲ, ಕೆಳಗೆ ನೋಡಲೇ ಇಲ್ಲ. ಬಳೆ ನಿಂತಾಗ ನಿಂತಿತು. ಬಳೆ ಬಲಕ್ಕೆ ಸರಿದಾಗ ಬಲಕ್ಕೆ ತಿರುಗಿತು. ಅದರ ಅಂಗೈ ನನ್ನ ಮೇಲಿತ್ತು. ನನಗೆ ತಿಳಿದುಹೋಯಿತು. ಈ ಕೂಸಿಗೆ ಹೊಂಡ ಕಾಣುತ್ತಿಲ್ಲ. ತಾಯಿಯೂ ಕಾಣುತ್ತಿಲ್ಲ.

"ನೋಡ್ರಿ ನನ್ನ ಹುಲಿ! ಅಂಜಿಕಿ ಅನ್ನೂದ ಗೊತ್ತಿಲ್ಲ!" ಎಂದು ನೀಲವ್ವ ಅವನನ್ನು ಎತ್ತಿ ಮುದ್ದಿಟ್ಟಳು. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬಾಯಾರೂ ತಟ್ಟಿದರು.

ನಾನು ಒಡೆದುಹೋಗಲು ನೋಡಿದೆ. ಒಂದು ಬಿರುಕು ಬಿಟ್ಟರೂ ಯಾರಾದರೂ ಮತ್ತೊಮ್ಮೆ ಯೋಚಿಸಿಯಾರು. ಆಗಲಿಲ್ಲ. ಮೌನೇಶನ ಕೆಲಸ ಅಷ್ಟು ಗಟ್ಟಿ.

ಸಂಜೆ ಬಾಯಾರು ಸಂಗಮೇಶನ ಪರೀಕ್ಷೆ ಬರೆದಿಟ್ಟ ಹಾಳೆಯನ್ನು ನನ್ನ ಮೇಲೆಯೇ ಹರಡಿಕೊಂಡು ಕುಳಿತರು. "ಇದೊಂದ ಯಾಕ ಹಿಂಗ?" ಎಂದರು. ಆ ಪ್ರಶ್ನೆ ಬಿಡಬೇಡಿ ಬಾಯಾರ, ಇನ್ನೊಂದು ಸಲ ಕೇಳಿಕೊಳ್ಳಿ ಎಂದು ನಾನು ಒಳಗೇ ಒದ್ದಾಡಿದೆ. ಅಷ್ಟರಲ್ಲಿ ಅವರಿಗೆ ಬಳೆ ನೆನಪಾಯಿತು. ನಿಯಮ ಮುರಿದ ಪರೀಕ್ಷೆ ಲೆಕ್ಕಕ್ಕಿಲ್ಲ. "ಬಳೆ ತೆಗೆದಿಲ್ಲ, ಕೈಬಿಡಲಾಗಿದೆ" ಎಂದು ಬರೆದು ಹೆಸರಿನ ಮೇಲೆ ಗೆರೆ ಎಳೆದರು. ಮೂವತ್ತೇಳು ಕೂಸುಗಳ ಪ್ರಬಂಧ ಅಚ್ಚಾಯಿತು, ಬಾಯಾರಿಗೆ ಹೆಸರೂ ಬಂತು. ನನ್ನ ಮೇಲೆ ಫೈಲುಗಳ ರಾಶಿ ಬಿತ್ತು.

ಏಳು ವರ್ಷದ ಮೇಲೆ ನೀಲವ್ವ ಮತ್ತೆ ಬಂದಳು, ಮಗನ ಕೈ ಹಿಡಿದುಕೊಂಡು. ಹುಟ್ಟಿದಾಗಿನಿಂದ ಅವನ ಕಣ್ಣಿನೊಳಗೆ ಪೊರೆ ಇತ್ತಂತೆ. ಮಬ್ಬು ಬೆಳಕಷ್ಟೇ ಕಾಣುತ್ತಿತ್ತು. ದೀಪದ ಕಡೆ ತಿರುಗುತ್ತಿದ್ದನಾದ್ದರಿಂದ ಮನೆಯವರು ಕಾಣುತ್ತದೆಂದೇ ತಿಳಿದಿದ್ದರು. ಕಳೆದ ತಿಂಗಳು ಪೊರೆ ತೆಗೆಸಿದ್ದಾರೆ. ಆದರೂ ಎದುರಿಗಿರುವುದು ಮುಖವೋ ಗೋಡೆಯೋ ಅವನಿಗೆ ತಿಳಿಯುತ್ತಿಲ್ಲ.

"ನೋಡೂದೂ ಕಲಿಯೂದ ಐತಂತ್ರಿ. ಕೂಸಿದ್ದಾಗ ತಂದಿದ್ರ ಕಲೀತಿದ್ದ ಅಂದ್ರು ಕಣ್ಣಿನ ಡಾಕ್ಟರು. ನೀವ ಏನರ ಕಲಸ್ತೀರೇನ್ರಿ?"

ಹುಡುಗ ಕೈಯಾಡಿಸುತ್ತ ನನ್ನ ಅಂಚಿಗೆ ಬಂದು ಗಾಜನ್ನು ತಟ್ಟಿದ. ಏಳು ವರ್ಷ ತಡವಾಗಿ ತಟ್ಟಿದ.

"ತಣ್ಣಗೈತಿ. ಏನವ್ವಾ ಇದು?"

"ಇದರ ಮ್ಯಾಲ ನೀ ಹುಲಿ ಬಂದಂಗ ಬಂದಿದ್ಯೋ" ಎಂದು ನೀಲವ್ವ ಬಾಯಾರತ್ತ ತಿರುಗಿದಳು. "ಅವತ್ತ ನೀವೂ ಚಪ್ಪಾಳಿ ಹೊಡದಿದ್ರಲ್ರಿ, ನೆನಪೈತಿಲ್ರಿ?"

ಅವರು ಹೋದ ಮೇಲೆ ಬಾಯಾರು ಹಳೆಯ ಫೈಲಿನಿಂದ ಆ ಹಾಳೆಯನ್ನು ಹುಡುಕಿ ತೆಗೆದು ನನ್ನ ಗಾಜಿನಡಿ ಇಟ್ಟರು. ನನ್ನ ಮೇಲೆ ಮತ್ತೆ ಕೂಸು ಬಿಡಲಿಲ್ಲ.

ಈಗ ನಾನು ಮೆಟ್ಟಿಲ ಕೆಳಗೆ, ಮುರಿದ ಕುರ್ಚಿಗಳ ನಡುವೆ ಇದ್ದೇನೆ. ಆ ಗೆರೆ ಎಳೆದ ಹೆಸರೂ ಇದೆ. ಹೊರಗೆ ಯಾರದಾದರೂ ಬಳೆ ಸಪ್ಪಳವಾದರೆ ಎರಡು ಪುಟ್ಟ ಅಂಗೈ ನನ್ನ ಮೇಲೆ ಅವಸರದಿಂದ ಸಾಗಿದಂತಾಗುತ್ತದೆ. ಕೂಸನ್ನು ಬೀಳದಂತೆ ಹೊರು ಎಂದು ನನ್ನನ್ನು ಮಾಡಿದ್ದರು. ಹೊತ್ತೆ.