ಕಡ್ಡಿಗಾಲಿಯ ಹೆಜ್ಜೆಗುರುತು

ಆ ಚಪ್ಪಲಿಗಳನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಪವಿತ್ರ ಯೋಚಿಸಿದ್ದು, ಇವನ್ನು ಕಂಡುಹಿಡಿದವರು ಅದಕ್ಕೂ ಮುಂಚೆ ಯಾವ ಪ್ರಾಣಿಯನ್ನು ನೋಡಿರಬಹುದು ಎಂದು. ಮುಂದೆ ವೀಳ್ಯದೆಲೆಯಷ್ಟು ಅಗಲದ ಅಟ್ಟೆ, ಹಿಂದೆ ಪೆನ್ಸಿಲಿನಷ್ಟು ಸಣ್ಣ ಹಿಮ್ಮಡಿ, ನಡುವೆ ಬರೀ ಗಾಳಿ. ಕೊರಳಲ್ಲಿದ್ದ ಟೇಪು ಹಿಡಿದು ಅಳೆದಳು. ಐದು ಇಂಚು. ಹೊಲಿಗೆ ಕಲಿಯಲು ಶುರುಮಾಡಿದ ಮೇಲೆ ಯಾವುದನ್ನೂ ಅಳೆಯದೆ ಬಿಡುವ ಹುಡುಗಿಯಲ್ಲ ಅವಳು.

ನಂಜನಗೂಡಿನ ಪೇಟೆಬೀದಿಯ ಮಹಡಿಯೊಂದರಲ್ಲಿ ನಡೆಯುತ್ತಿದ್ದ ಆರು ತಿಂಗಳ ಹೊಲಿಗೆ ತರಬೇತಿ ಮುಗಿಯುತ್ತಾ ಬಂದಿತ್ತು. ಮೈಸೂರಿನಿಂದ ಬಂದು ಕಲಿಸುತ್ತಿದ್ದ ನಯನ ಮೇಡಂ ಕೊನೆಗೊಂದು ಪ್ರದರ್ಶನ ಇಟ್ಟಿದ್ದರು. ಬದನವಾಳಿನ ಖಾದಿಯಲ್ಲಿ ಹುಡುಗಿಯರು ಹೊಲಿದ ಉಡುಪುಗಳನ್ನು ಅವರಿಗೇ ತೊಡಿಸಿ, ಭಾನುವಾರ ಟಿ. ನರಸೀಪುರದ ಕಲ್ಯಾಣಮಂಟಪವೊಂದರಲ್ಲಿ ನಡೆಯುವ ಮಹಿಳಾ ಸಂಘಗಳ ಮೇಳದಲ್ಲಿ ಎಲ್ಲರೆದುರು ನಡೆಸುವುದು. ಪವಿತ್ರ ಹೊಲಿದದ್ದು ಪಾದದವರೆಗೆ ಇಳಿಯುವ ಬಿಳಿ ಗೌನು. ಹದಿನಾರು ತುಂಡು ಸೇರಿಸಿದ ಘೇರು. ಅದರ ಕೆಳಗಂಚಿಗೆ ಸುತ್ತಲೂ ಒಂದು ಗೇಣಗಲ ಕಪಿಲಾ ಹೊಳೆ ಹರಿಯುತ್ತಿತ್ತು. ಎರಡು ತಿಂಗಳು ಜಗಲಿಯಲ್ಲಿ, ಬಸ್ಸು ಕಾಯುವ ಕಲ್ಲಿನ ಮೇಲೆ, ಹಾಲು ಉಕ್ಕುವುದನ್ನು ಕಾಯುತ್ತಾ ಒಲೆಯ ಮುಂದೆ ಕೂತು ನೀಲಿ ದಾರದಲ್ಲಿ ಹಾಕಿದ ಕಸೂತಿ ಅದು. ಅಜ್ಜಿಯ ಕತೆಗಳಲ್ಲಿ ಬರುವ ಮೂಗುತಿ ನುಂಗಿದ ಮೀನು, ಹಗಲೆಲ್ಲ ನಿದ್ದೆ ಮಾಡುವ ಮೊಸಳೆ, ಒಂಟಿಕಾಲಿನ ಕೊಕ್ಕರೆ, ಎಲ್ಲವೂ ಆ ಹೊಳೆಯಲ್ಲಿದ್ದವು.

ಉದ್ದನೆಯ ಗೌನಿಗೆ ಎತ್ತರದ ಹುಡುಗಿ ಬೇಕು ಎಂದು ಮೇಡಂ ಹೇಳಿದ ದಿನ ಎಲ್ಲರೂ ಪವಿತ್ರಳ ಕಡೆ ತಿರುಗಿದ್ದರು. ಐದಡಿ ಒಂಬತ್ತು ಇಂಚು. ಅವಳ ಎತ್ತರವನ್ನು ಯಾರಾದರೂ ಬೇಕು ಎಂದು ಕೇಳಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಶಾಲೆಯಲ್ಲಿ ಕೊನೆಯ ಬೆಂಚು, ಫೋಟೋದಲ್ಲಿ ಕೊನೆಯ ಸಾಲು. ನೆಂಟರು ಬಂದರೆ ಅವ್ವ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು, ಸ್ವಲ್ಪ ಬಗ್ಗಿಕೋ ಎಂದು. ಬಗ್ಗಿ ಬಗ್ಗಿ ಹೆಗಲುಗಳನ್ನು ಒಳಕ್ಕೆ ಮಡಿಸಿಕೊಂಡು, ನಡೆಯುವಾಗ ಏನನ್ನೋ ಕಳೆದುಕೊಂಡು ನೆಲದಲ್ಲಿ ಹುಡುಕುವವಳಂತೆ ಕಾಣುತ್ತಿದ್ದಳು.

ಸೋಮವಾರ, ಮೇಡಂ ತಂದುಕೊಟ್ಟ ಆ ಚಪ್ಪಲಿ ಹಾಕಿ ಮೊದಲ ಸಲ ನಡೆದು ನೋಡುವ ದಿನ. ನಾಲ್ಕನೇ ಹೆಜ್ಜೆಗೆ ಪವಿತ್ರ ತೂರಾಡಿ ಹೊಲಿಗೆ ಯಂತ್ರದ ಚಕ್ರ ಹಿಡಿದಳು. ಚಕ್ರ ತಿರುಗಿ, ಯಾರದೋ ರವಿಕೆಯ ತೋಳಿನ ಮೇಲೆ ಬೇಡದ ಒಂದು ಸಾಲು ಹೊಲಿಗೆ ಬಿತ್ತು. ಕಾಲೇಜಿನ ಡ್ಯಾನ್ಸುಗಳಲ್ಲಿ ಇಂಥ ಚಪ್ಪಲಿ ಹಾಕಿ ಪಳಗಿದ್ದ ಗೆಳತಿ ರಮ್ಯ ಮಾತ್ರ ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು, ತಿನ್ನುತ್ತಾ, ಆ ತುದಿಯಿಂದ ಈ ತುದಿಗೆ ಓಡಾಡಿದಳು. ಗೌನನ್ನು ಐದಿಂಚಿನ ಹಿಮ್ಮಡಿಯ ಲೆಕ್ಕಕ್ಕೇ ಕತ್ತರಿಸಿದ್ದು. ಬರಿಗಾಲಲ್ಲಿ ಅದು ನೆಲ ಗುಡಿಸುತ್ತಿತ್ತು. ಮೇಡಂ ಅದನ್ನೂ ಇವಳನ್ನೂ ನೋಡಿ ಮೆತ್ತಗೆ ಹೇಳಿದರು.

"ಶನಿವಾರ ಇನ್ನೊಂದ್ಸಲ ನೋಡೋಣ ಪವಿತ್ರ. ಆಗ್ಲಿಲ್ಲ ಅಂದ್ರೆ ರಮ್ಯಂಗೆ ಹಾಕಿಸ್ತೀನಿ. ಅವಳ ಎತ್ತರಕ್ಕೆ ಕೆಳಗಡೆಯಿಂದ ಒಂದು ಗೇಣು ಕತ್ತರಿಸಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಕೆಳಗಿನ ಒಂದು ಗೇಣು ಎಂದರೆ ಇಡೀ ಹೊಳೆ.

ಚಪ್ಪಲಿಗಳನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಬಟ್ಟೆ ಚೂರು ಮುಚ್ಚಿ, ಹುಲ್ಲಹಳ್ಳಿ ಬಸ್ಸು ಹತ್ತಿದಳು. ಹುಲ್ಲಹಳ್ಳಿಯಿಂದ ನಾಲೆ ಏರಿಯ ಮೇಲೆ ಇಪ್ಪತ್ತು ನಿಮಿಷ ನಡೆದರೆ ಊರು. ಅಪ್ಪ ಸುತ್ತೂರಿನಲ್ಲಿ ಅಡುಗೆ ಕೆಲಸದವನು, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಅವ್ವ ಮಂಗಳಗೌರಿ, ಅಜ್ಜಿ ಚನ್ನಬಸಮ್ಮ. ಇರುವ ಎತ್ತರಕ್ಕೇ ವರ ಹುಡುಕಲಾರದೆ ನಿಟ್ಟುಸಿರು ಬಿಡುತ್ತಿದ್ದ ಅವ್ವನ ಮುಂದೆ ಇನ್ನೂ ಐದಿಂಚು ಬೆಳೆದು ನಿಲ್ಲುವ ಧೈರ್ಯ ಪವಿತ್ರಳಿಗಿರಲಿಲ್ಲ.

ಬೆಳಗಿನ ಆರು ಗಂಟೆಗೆ ಅವ್ವ ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೋಗುತ್ತಾಳೆ. ಅದೇ ಹೊತ್ತಿಗೆ ಅಜ್ಜಿ ಪಡಸಾಲೆಯಲ್ಲಿ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಾಳೆ. ಅರ್ಧ ಗಂಟೆ ಅವಳ ಕಣ್ಣು ಅತ್ತಿತ್ತ ಹೋಗುವುದಿಲ್ಲ. ಆ ಅರ್ಧ ಗಂಟೆ ಪವಿತ್ರಳದ್ದು. ಮನೆಯ ಹಿಂದೆ ಒಕ್ಕಣೆ ಮುಗಿದು ಖಾಲಿ ಬಿದ್ದಿದ್ದ ಕಣ, ಅದರ ನಡುವೆ ಹಳೆಯ ಮೇಟಿ ಕಂಬ. ಮಂಗಳವಾರ ಬೆಳಗ್ಗೆ ಆ ಕಂಬ ಹಿಡಿದುಕೊಂಡು ಎದ್ದು ನಿಂತಳು. ಕಂಬ ಬಿಟ್ಟಳು. ಬಗ್ಗಿ ನೆಲ ನೋಡುತ್ತಾ ಒಂದು ಹೆಜ್ಜೆ ಇಟ್ಟರೆ ಮೈಯೆಲ್ಲ ಮುಂದಕ್ಕೆ ಜಾರಿ ಬೆರಳುಗಳ ಮೇಲೆ ಕೂತುಬಿಡುತ್ತಿತ್ತು. ಬೀಳದೆ ಉಳಿಯಲು ದೊಡ್ಡ ಹೆಜ್ಜೆ, ಅದನ್ನು ಉಳಿಸಿಕೊಳ್ಳಲು ಇನ್ನೂ ದೊಡ್ಡ ಹೆಜ್ಜೆ. ಅರ್ಧ ಗಂಟೆಯಲ್ಲಿ ಆರು ಸಲ ಬಿದ್ದಳು. ಅವ್ವನ ಕ್ಯಾನಿನ ಸದ್ದು ಕೇಳಿದಾಗ ಚಪ್ಪಲಿ ಬಿಚ್ಚಿ ಹುಲ್ಲಿನ ಮೆದೆಯೊಳಗೆ ತುರುಕಿ ಒಳಗೆ ಓಡಿದಳು. ಗುರುತು ಅಳಿಸಬೇಕೆಂದು ಹೊಳೆಯಲೇ ಇಲ್ಲ.

ಪಕ್ಕದ ಮನೆಯ ಚಿಕ್ಕಬಸಪ್ಪ ಹಸುವಿಗೆ ಹುಲ್ಲು ಕೇಳಲು ಬಂದವನು ಕಣದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಮುಂದೊಂದು ಮುಕ್ಕೋನ, ಅದರ ಹಿಂದೊಂದು ಸಣ್ಣ ತೂತು. ಐವತ್ತೈದು ವರ್ಷದಲ್ಲಿ ಇಂಥ ಗುರುತು ಅವನು ಕಂಡಿರಲಿಲ್ಲ. ಕಬ್ಬಿನ ಗದ್ದೆಗಳಲ್ಲಿ ಚಿರತೆಯ ಸುದ್ದಿ ಓಡಾಡುತ್ತಿದ್ದ ಕಾಲ. ಅವನು ಗೇಣು ಹಾಕಿ ಅಳೆದ, ಮೊಬೈಲಿನಲ್ಲಿ ಫೋಟೋ ತೆಗೆದ, ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಮಧ್ಯಾಹ್ನದೊಳಗೆ ಒಬ್ಬರು ಕಾಡುಹಂದಿಯೆಂದರು, ಇನ್ನೊಬ್ಬರು ನವಿಲೆಂದರು, ಮತ್ತೊಬ್ಬರು ಕುಂಟು ಚಿರತೆ ಎಂದರು. ಕುಂಟು ಚಿರತೆ ಊರುಗೋಲು ಹಿಡಿದು ಬಂದಿತ್ತೇ ಎಂದು ಯಾರೋ ಕೇಳಿದ ಮೇಲೆ ಗುಂಪು ತಣ್ಣಗಾಯಿತು.

ಅಜ್ಜಿ ಸಂಜೆ ಕೋಲೂರಿಕೊಂಡು ಬಂದು ಗುರುತುಗಳನ್ನು ಒಂದೊಂದಾಗಿ ನೋಡಿದಳು. ಎಪ್ಪತ್ತೆಂಟು ವರ್ಷದ ಬಾಗಿದ ಮೈ. ನೆಲ ಅವಳಿಗೆ ಹತ್ತಿರವೇ. ಆಮೇಲೆ ಜಗಲಿಯಲ್ಲಿ ಅವರೆಕಾಯಿ ಬಿಡಿಸಲು ಕೂತಾಗ ಪವಿತ್ರ ಏನೂ ಗೊತ್ತಿಲ್ಲದವಳಂತೆ ಕೇಳಿದಳು, ಅದು ಯಾವ ಪ್ರಾಣಿ ಅಜ್ಜಿ ಎಂದು.

"ಅದ್ಕೆ ಕಡ್ಡಿಗಾಲಿ ಅಂತ ಎಸ್ರು ಕೂಸೆ," ಎಂದಳು ಅಜ್ಜಿ, ಕೈಯ ಕೆಲಸ ನಿಲ್ಲಿಸದೆ. "ಕಪಿಲೆ ದಡದಾಗೆ ಇರದು. ಈ ಒಳೆ ಎಲ್ಲಿಗಂಟ ಓಯ್ತದೆ ನೋಡ್ಬೇಕು ಅಂತ ನರಸೀಪುರದ ತಾವ ಒಂಟದೆ. ಆದ್ರೆ ಪಾಪ, ಅದ್ಕೆ ತಲೆ ಬಗ್ಗಿಸ್ಕಂಡೇ ಅಭ್ಯಾಸ. ಭಾರ ಎಲ್ಲಾ ಬೆರಳ್ಗೆ ಬಿದ್ದು, ಮಣ್ಣು ಎಂಗೆ ಮುಂದಕ್ಕೆ ತಳ್ಕಂಡದೆ ನೋಡಿದ್ಯಾ? ಇಂದ್ಗಡೆ ಒಂದು ಕಡ್ಡಿ ಅದೆ ಅನ್ನದೇ ಅದ್ಕೆ ಮರ್ತೋಗದೆ."

ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುವ ಸಂಗಮಕ್ಕೆ ಹೋಗಿ ಅದು ಏನು ನೋಡಿತು ಎಂದು ಪವಿತ್ರ ಕೇಳಿದ್ದಕ್ಕೆ, ಅದು ಇನ್ನೂ ಹೋಗೇ ಇಲ್ಲವಲ್ಲ, ಹೋದ ಮೇಲೆ ಹೇಳೋಣ ಎಂದು ಅಜ್ಜಿ ಅವರೆಕಾಳಿನ ಮೊರ ಎತ್ತಿಕೊಂಡು ಎದ್ದಳು.

ಬುಧವಾರ ಬೆಳಗ್ಗೆ ಪವಿತ್ರ ಆ ಕಡ್ಡಿಯನ್ನು ನೆನೆದುಕೊಂಡೇ ನಿಂತಳು. ತಲೆ ಎತ್ತಿದಳು. ಎತ್ತಿದ ಕೂಡಲೇ ಭಯವಾಯಿತು, ಕಣ ಅಷ್ಟು ಕೆಳಗೆ ಹೋಗಿತ್ತು. ಆದರೆ ಭಾರ ಬೆರಳು ಬಿಟ್ಟು ಹಿಂದಕ್ಕೆ ಬಂದು, ಆ ಸಣ್ಣ ಹಿಮ್ಮಡಿ ಅವಳನ್ನು ಹೊತ್ತುಕೊಂಡಿತು. ಇಷ್ಟು ತೆಳ್ಳನೆಯದು ಇಷ್ಟು ದೊಡ್ಡ ಮೈಯನ್ನು ಹೇಗೆ ಹೊರುತ್ತದೆ ಎಂದು ಅವಳಿಗೆ ಬೀಳುವ ಭಯಕ್ಕಿಂತ ಬೆರಗೇ ಹೆಚ್ಚಾಯಿತು. ಅವತ್ತು ಬಿದ್ದದ್ದು ಎರಡೇ ಸಲ.

ಆ ಸಂಜೆ ಅಜ್ಜಿಯ ಕತೆಯಲ್ಲಿ ಕಡ್ಡಿಗಾಲಿ ತಲೆಯೇನೋ ಎತ್ತಿತ್ತು, ಆದರೆ ಗದ್ದೆ ಬದು ದಾಟುವವರ ಹಾಗೆ ದಾಪುಗಾಲು ಹಾಕುತ್ತಿತ್ತಂತೆ. ದಾರಿಯಲ್ಲಿ ಸಿಕ್ಕ ಮೇಕೆಯೊಂದು ಅದಕ್ಕೆ ಬುದ್ಧಿ ಹೇಳಿತಂತೆ: ನಾನು ಹುಟ್ಟಿದಾಗಿನಿಂದ ತುದಿಗಾಲಲ್ಲೇ ನಿಂತಿದ್ದೇನೆ, ಬಂಡೆ ಮೇಲೂ ಬಿದ್ದಿಲ್ಲ, ಯಾಕೆಂದರೆ ನನ್ನ ಹೆಜ್ಜೆ ಗೇಣು ದಾಟುವುದಿಲ್ಲ. ಪವಿತ್ರ ಹಿತ್ತಲಿಗೆ ಹೋಗಿ ಕಟ್ಟಿದ್ದ ಮೇಕೆಯ ಹಿಂಗಾಲು ಎತ್ತಿ ನೋಡಿದಳು. ಹೌದಲ್ಲ, ಅದರ ಹಿಮ್ಮಡಿ ನೆಲದಿಂದ ಎಷ್ಟೋ ಮೇಲೆ ಇತ್ತು. ಟೇಪು ತಂದು ಅಳೆದಳು. ಮರುದಿನ ನಾಲೆ ಏರಿಯ ಮೇಲೆ ಹೋಗುವಾಗ ಗದ್ದೆಯಲ್ಲಿದ್ದ ಕೊಕ್ಕರೆಯನ್ನು ನೋಡುತ್ತಾ ನಿಂತು ಬಸ್ಸು ತಪ್ಪಿಸಿಕೊಂಡಳು. ಅದು ಕೆಸರಿನಿಂದ ಕಾಲನ್ನು ನೇರವಾಗಿ ಮೇಲಕ್ಕೆಳೆದು, ಒಂದು ಗಳಿಗೆ ತಡೆದು, ಮತ್ತೆ ಅದೇ ಗೆರೆಯ ಮೇಲೆ ಇಡುತ್ತಿತ್ತು. ತಲೆ ಮಾತ್ರ ಅಲುಗುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಕಣಕ್ಕೆ ಹೋದರೆ ಅದು ನುಣ್ಣಗೆ ಸೆಗಣಿ ಸಾರಿಸಿಕೊಂಡು, ಇನ್ನೂ ಅರೆಹಸಿಯಾಗಿ, ಹೊಸ ಸ್ಲೇಟಿನಂತೆ ಮಲಗಿತ್ತು. ಪವಿತ್ರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಳು. ಒಕ್ಕಣೆ ಇಲ್ಲದ ಕಾಲದಲ್ಲಿ ಕಣ ಸಾರಿಸುವವರು ಯಾರು? ಹಿಂದಿನ ಸಂಜೆ ಅಜ್ಜಿ ಹುರುಳಿ ಒಣಗಿಸಬೇಕೆಂದು ಅವ್ವನ ಕೈಲಿ ಸಾರಿಸಿದ್ದಳು. ಮನೆಯಲ್ಲಿ ಒಣಗಿಸಲು ಹುರುಳಿ ಒಂದು ಸೇರೂ ಇರಲಿಲ್ಲ. ಹೆಜ್ಜೆ ಓದುವವಳಿಗೆ ಗುರುತು ಸರಿಯಾಗಿ ಕಾಣಬೇಕಾಗಿತ್ತು, ಅಷ್ಟೇ. ಪವಿತ್ರ ಪಡಸಾಲೆಯ ಕಡೆ ತಿರುಗಿ ನೋಡಿದಳು. ಕಿಟಕಿಯಾಚೆ ಅಜ್ಜಿ ಅಂಗೈ ನೋಡುತ್ತಾ ಅಲುಗದೆ ಕೂತಿದ್ದಳು.

ಅವತ್ತು ಮೇಟಿ ಕಂಬದ ಸುತ್ತ ಹನ್ನೊಂದು ಸುತ್ತು ನಡೆದಳು. ಒಂದು ಸಲವೂ ಬೀಳಲಿಲ್ಲ. ಸಂಜೆ ಅಜ್ಜಿ ಕಣ ನೋಡಿ ಬಂದು, ಕಡ್ಡಿಯ ತೂತುಗಳು ಈಗ ದುಂಡಗಿವೆ, ಹರಿದಿಲ್ಲ ಎಂದಷ್ಟೇ ಹೇಳಿದಳು.

ಶನಿವಾರ ಮಹಡಿಯ ಮೇಲೆ ಅವಳು ನಡೆಯುವಾಗ ಮೇಡಂ ಕೈಯಲ್ಲಿ ಕತ್ತರಿ ಹಿಡಿದೇ ನಿಂತಿದ್ದರು. ಎರಡನೇ ಸಲ ತಿರುಗಿ ಬಂದಾಗ ಅದನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೂಗು ಅರಳಿಸಿ, ಇಲ್ಲಿ ಸೆಗಣಿ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಕೇಳಿದರು. ಎಲ್ಲರಿಗಿಂತ ಮೊದಲು ನಕ್ಕವಳು ರಮ್ಯ. ಆ ಹೊಳೆಗೆ ಕತ್ತರಿ ಬಿದ್ದಿದ್ದರೆ ಗೌನು ಹಾಕಿಕೊಳ್ಳಲು ತನಗೆ ಮನಸ್ಸೇ ಬರುತ್ತಿರಲಿಲ್ಲ ಎಂದು ಪವಿತ್ರಳ ಕಿವಿಯಲ್ಲಿ ಹೇಳಿದಳು.

ಭಾನುವಾರ ನರಸೀಪುರಕ್ಕೆ ಅಜ್ಜಿ, ಅವ್ವ ಇಬ್ಬರೂ ಬಸ್ಸಿನಲ್ಲಿ ಬಂದರು. ಮಗಳು ಹೊಲಿದ ಬಟ್ಟೆ ನೋಡಲು ಎಂದಷ್ಟೇ ಅವ್ವನಿಗೆ ಗೊತ್ತು. ಕಲ್ಯಾಣಮಂಟಪದ ಊಟದ ಮೇಜುಗಳನ್ನು ಸಾಲಾಗಿ ಜೋಡಿಸಿ ಮೇಲೆ ಹಸಿರು ಕಾರ್ಪೆಟ್ ಹಾಸಿದ್ದರು. ಪವಿತ್ರ ಪರದೆಯ ಸಂದಿಯಿಂದ ಆಚೆ ಬಂದಳು. ಮೊದಲ ಮೇಜು, ಎರಡನೆಯದು, ಮೂರನೆಯದು. ಮೂರಕ್ಕೂ ನಾಲ್ಕಕ್ಕೂ ನಡುವೆ ಬಲಗಾಲಿನ ಹಿಮ್ಮಡಿ ಕಾರ್ಪೆಟ್ ಸಮೇತ ಸಂದಿಯೊಳಗೆ ಇಳಿಯಿತು.

ಕತ್ತು ತಾನಾಗಿ ಬಗ್ಗಲು ಹೊರಟಿತು. ಬಗ್ಗಿದರೆ ಭಾರ ಬೆರಳಿಗೆ, ಬೆರಳಿನಿಂದ ಕೆಳಗಿರುವ ಜನರ ಮಡಿಲಿಗೆ. ಅವಳಿಗೆ ಕೆಸರಿನಲ್ಲಿದ್ದ ಕೊಕ್ಕರೆ ನೆನಪಾಯಿತು. ತಲೆ ಅಲುಗಿಸದೆ ಎಡಗಾಲಿನ ಮೇಲೆ ನಿಂತಳು. ಬಲಗಾಲನ್ನು ನೇರವಾಗಿ ಮೇಲಕ್ಕೆಳೆದಳು. ಒಂದು ಗಳಿಗೆ ಹಾಗೇ ತಡೆದಳು. ಹಿಮ್ಮಡಿ ಬಿಟ್ಟುಕೊಂಡಿತು. ಅದನ್ನು ನಾಲ್ಕನೇ ಮೇಜಿನ ಮೇಲೆ, ಅದೇ ಗೆರೆಯಲ್ಲಿ ಇಟ್ಟಳು. ಬೇಕೆಂದೇ ಹಾಗೆ ನಿಂತಳೆಂದು ತಿಳಿದ ಜನ ಚಪ್ಪಾಳೆ ತಟ್ಟಿದರು. ಗೌನಿನ ಅಂಚಿನಲ್ಲಿ ಕಪಿಲೆ ಅಲೆಯಾಡುತ್ತಾ ಕೊನೆಯ ಮೇಜಿನವರೆಗೆ ಹೋಗಿ ತಿರುಗಿತು.

ಇಳಿದು ಬಂದಾಗ ಅವ್ವ ಹತ್ತಿರ ಬಂದು, ಕತ್ತೆತ್ತಿ, ಬಹಳ ಹೊತ್ತು ನೋಡಿದಳು.

"ಇಷ್ಟುದ್ದ ಇದ್ದೀಯ ನೀನು," ಎಂದಳು. ಬಗ್ಗು ಎಂದು ಸನ್ನೆ ಮಾಡಲಿಲ್ಲ. ಗೌನಿನ ಅಂಚು ಹಿಡಿದು ಮೂಗುತಿ ನುಂಗಿದ ಮೀನನ್ನು ಹುಡುಕತೊಡಗಿದಳು.

ಬಸ್ಸಿನಲ್ಲಿ ಅಜ್ಜಿ ಕಿಟಕಿ ಪಕ್ಕ ಕೂತು, ಕಡ್ಡಿಗಾಲಿ ಸಂಗಮದಲ್ಲಿ ಏನು ನೋಡಿತು ಎಂದು ತಾನೇ ಕೇಳಿದಳು. ಪವಿತ್ರ ಯೋಚಿಸಿ ಹೇಳಿದಳು: ಎಲ್ಲರ ನೆತ್ತಿ ನೋಡಿತು, ಮುಡಿದ ಹೂವು, ಬೈತಲೆ, ಬೋಳುತಲೆ. ಕೊನೆಯ ಸಾಲಿನಲ್ಲಿ ಒಬ್ಬ ಮುದುಕಿ ಕುರ್ಚಿ ಹಿಡಿದು ಎದ್ದು ನಿಂತಿದ್ದಳು. ಅವಳೂ ಬಲು ಎತ್ತರ ಇದ್ದಳಂತೆ ಒಂದು ಕಾಲದಲ್ಲಿ. ಅಜ್ಜಿ ಹೂಂ ಎಂದಳು. ಮೊದಲ ಸಲ ಅತ್ತೆ ಮನೆಗೆ ಬಂದಾಗ ಬಾಗಿಲ ಮೇಲ್ಪಟ್ಟಿಗೆ ಹಣೆ ತಾಗಿದ್ದನ್ನೂ, ಆಮೇಲೆ ಬಗ್ಗುವುದೇ ಅಭ್ಯಾಸವಾದದ್ದನ್ನೂ ಹುಲ್ಲಹಳ್ಳಿ ಬರುವವರೆಗೆ ಹೇಳಿದಳು.

ಸೋಮವಾರ ಬೆಳಗ್ಗೆ ಅವ್ವ ಡೈರಿಗೆ ಹೋದ ಮೇಲೆ ಅಜ್ಜಿ ಪೂಜೆಗೆ ಕೂರಲಿಲ್ಲ. ಚಪ್ಪಲಿ ವಾಪಸು ಕೊಡುವ ಮುಂಚೆ ಒಂದು ಸಲ ಇಲ್ಲಿ ತಾ ಎಂದಳು.

ಚಿಕ್ಕಬಸಪ್ಪ ಏಳು ಗಂಟೆಗೆ ಮೊಬೈಲು ಹಿಡಿದುಕೊಂಡೇ ಜಗಲಿಗೆ ಬಂದ. "ದೊಡ್ಡವ್ವ, ಅದು ಮತ್ತೆ ಬಂದದೆ. ನಾಕೇ ಎಜ್ಜೆ. ಈ ಸಲ ಪಕ್ಕದಾಗೆ ಮನುಸ್ರ ಬರಿಗಾಲ್ದೂ ಅದೆ, ಅಂಟ್ಕಂಡಂಗೆ."

"ಅದ್ಕೂ ವಯಸ್ಸಾಯ್ತಲ್ಲಪ್ಪ," ಎಂದಳು ಅಜ್ಜಿ. "ಯಾರಾರ ಕೈ ಇಡ್ಕಂಡು ನಡುಸ್ಬೇಕಲ್ಲ." ಸೀರೆಯ ನೆರಿಗೆಯೊಳಗೆ ಅವಳು ಕಾಲಿನ ಹೆಬ್ಬೆರಳು ನೀವಿಕೊಳ್ಳುತ್ತಿದ್ದಳು.