ತಕ್ಕಡಿಗೆ ಏನೂ ಆಗಿಲ್ಲ, ಹುಡುಗಿ ನಾಲ್ಕು ಕಿಲೋ ಕಮ್ಮಿ

೧.
ಎಲ್ಲಿಂದ ಶುರು ಮಾಡಲಿ? ಯಜಮಾನರ ಮೀಸೆಯಿಂದ ಶುರು ಮಾಡಿದ್ದೆ. ಅದು ಎರಡು ಪುಟ ಬೆಳೆಯಿತು, ಹರಿದು ಹಾಕಿದೆ. ಆಸ್ಪತ್ರೆಯಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಮುಖ ಸಪ್ಪೆ ಮಾಡಿಕೊಂಡು ಕೂರುತ್ತೀರಿ. ಇನ್ನು ಉಳಿದದ್ದು ತಕ್ಕಡಿ. ಒಬ್ಬ ಮನುಷ್ಯ ನಿಲ್ಲುವಷ್ಟು ಅಗಲದ ಕಬ್ಬಿಣದ ಹಲಗೆ, ಎದೆಮಟ್ಟಕ್ಕೆ ಒಂದು ದುಂಡನೆಯ ಡಯಲ್, ಅದರೊಳಗೊಂದು ಕೆಂಪು ಮುಳ್ಳು. ಸರಿ, ಇದನ್ನೇ ಹತ್ತೋಣ.

೨.
ತಕ್ಕಡಿ ರಿಪೇರಿ ಅಂಗಡಿ. ನಮ್ಮ ಕಥಾನಾಯಕಿ ಅಲ್ಲಿ ಡಯಲ್ ಬರೆಯುವವಳು. ಮಾಸಿದ ಡಯಲ್‌ಗಳ ಮೇಲೆ ಸಣ್ಣ ಕುಂಚ ಹಿಡಿದು ಅಂಕಿಗಳನ್ನು ತಿದ್ದಿ ಬರೆಯುವುದು ಅವಳ ಕೆಲಸ. (ಅವಳನ್ನು ವೆಲ್ಡರ್ ಮಾಡೋಣ ಎಂದುಕೊಂಡಿದ್ದೆ. "ಅದು ವೆಲ್ಡರಣ್ಣನ ಕೆಲಸ, ನಂಗ್ಯಾಕೆ ಅಂಟಿಸ್ತೀರಿ?" ಎಂದು ಮುಖ ತಿರುಗಿಸಿದಳು.)

ಯಜಮಾನರಿಗೆ ಕಬ್ಬಿಣದ ತೂಕದ ಬಟ್ಟುಗಳ ಮೇಲೆ ನಂಬಿಕೆಯಿರಲಿಲ್ಲ. "ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ಮನುಷ್ಯರಿಗೆ ಏನು ಹಿಡಿಯುತ್ತೆ?" ಎನ್ನುತ್ತಿದ್ದರು. ಆದ್ದರಿಂದ ರಿಪೇರಿಯಾದ ತಕ್ಕಡಿಗಳ ಮೇಲೆ ಕೆಲಸಗಾರರೇ ನಿಲ್ಲಬೇಕು. ಅವಳು ಐವತ್ತೆರಡು ಕಿಲೋ, ವೆಲ್ಡರ್ ಎಂಬತ್ತೊಂದು, ಯಜಮಾನರು ಅರವತ್ತಾರು. ಕರೆಯುವುದೂ ಹಾಗೆಯೇ. "ಐವತ್ತೆರಡು, ಬಾಮ್ಮಾ ಇಲ್ಲಿ. ಎಂಬತ್ತೊಂದು, ನೀನು ಚಹಾ ಕುಡಿಯೋ ಮೊದ್ಲು ಹತ್ತು." ಅಂಗಡಿಯಲ್ಲಿ ಕಾನೂನು ಒಂದೇ: ಮುಳ್ಳು ನಿಲ್ಲುವವರೆಗೂ ಯಾರೂ ಓದಬಾರದು.

೩.
ಹೀಗಿರುವಾಗ ಅವಳ ಅಮ್ಮ ತೀರಿಕೊಂಡಳು. ಅವಳು ಮೂರನೇ ದಿನ ಕೆಲಸಕ್ಕೆ ಬಂದಳು, ಅಂಕಿ ಬರೆದಳು, ಮನೆಗೆ ಹೋದಳು. ಊಟ ಎನ್ನುವುದು ಅವಳಿಗೆ ಮರೆತೇ ಹೋಯಿತು. ಅಕ್ಕನಿಗೆ ತನ್ನದೇ ಗೋಳು, ಅಪ್ಪ ಗೋಡೆ ನೋಡುತ್ತಿದ್ದರು. ಇವಳು ಕರಗುತ್ತಿರುವುದು ಯಾರ ಕಣ್ಣಿಗೂ ಬೀಳಲಿಲ್ಲ.

ಆಗ ಬಂದದ್ದು ರದ್ದಿ ವ್ಯಾಪಾರಿಯ ತಕ್ಕಡಿ. ಅವತ್ತು ವೆಲ್ಡರ್ ರಜೆ. ಯಜಮಾನರು ಇವಳೊಬ್ಬಳನ್ನೇ ನಿಲ್ಲಿಸಿದರು. ಮುಳ್ಳು ನಲವತ್ತೆಂಟಕ್ಕೆ ನಿಂತಿತು. "ನೋಡು, ತಕ್ಕಡಿ ಇನ್ನೂ ಸುಳ್ಳು ಹೇಳ್ತಿದೆ" ಎಂದು ಸ್ಕ್ರೂ ತಿರುಗಿಸಿ, ತಿರುಗಿಸಿ, ಐವತ್ತೆರಡಕ್ಕೆ ತಂದು ಕಳಿಸಿಬಿಟ್ಟರು.

ನಾಲ್ಕನೇ ದಿನ ರದ್ದಿಯವನು ತಕ್ಕಡಿ ಹೊತ್ತು ತಂದ. "ಏನ್ರೀ ಇದು, ಅರವತ್ತರ ಬಂಡಲ್ ಅರವತ್ನಾಲ್ಕು ತೋರಿಸ್ತಿದೆ."

ಯಜಮಾನರು ತಾವೇ ಹತ್ತಿ ನಿಂತರು. ಎಪ್ಪತ್ತು. ಇಳಿದು ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ರದ್ದಿಯವನಿಗೆ ಹೇಳಿದರು, "ತಕ್ಕಡಿಗೆ ಏನೂ ಆಗಿಲ್ಲ. ಹುಡುಗಿ ನಾಲ್ಕು ಕಿಲೋ ಕಮ್ಮಿ. ಮೊದ್ಲು ಇವಳ ರಿಪೇರಿ. ನೀವು ಒಂದೂವರೆ ತಿಂಗಳು ಬಿಟ್ಟು ಬನ್ನಿ."

"ಸ್ಕ್ರೂ ತಿರುಗಿಸಿದ್ರೆ ಆಗಲ್ವಾ?"

"ಅದು ಅಡ್ಡದಾರಿ."

೪. (ಕೈಬಿಟ್ಟ ಕರಡು)
ಇಲ್ಲಿ ಯಜಮಾನರು ಸಾವಿನ ಬಗ್ಗೆ ಮನಕಲಕುವ ಮಾತು ಆಡುತ್ತಾರೆ. ಚೆನ್ನಾಗಿಯೇ ಬರೆದಿದ್ದೆ. ಅವಳು ಓದಿ ವಾಪಸ್ ಕೊಟ್ಟಳು. "ಅಮ್ಮನ ಸುದ್ದೀನೇ ಎತ್ತಲಿಲ್ಲ ಅವ್ರು. ಹನ್ನೊಂದು ಗಂಟೆಗೆ ಎರಡು, ನಾಲ್ಕು ಗಂಟೆಗೆ ಎರಡು ಬೇಯಿಸಿದ ಮೊಟ್ಟೆ. ತಾವೇ ಸುಲಿದು ಕೊಡೋರು. ಸ್ಪೇರ್ ಪಾರ್ಟ್ಸ್ ಬಂತು, ಫಿಟ್ ಮಾಡ್ಕೋ ಅನ್ನೋರು."

ಸರಿಯಪ್ಪ, ಮೊಟ್ಟೆಯೇ ಇರಲಿ. ಆರು ವಾರ. ತಾಳ್ಮೆಗೆಟ್ಟ ರದ್ದಿಯವನೂ ಬಾಳೆಹಣ್ಣು ತರತೊಡಗಿದ. ದಿನಾ ಬೆಳಿಗ್ಗೆ ಮೂವರು ಗಂಡಸರು ಉಸಿರು ಬಿಗಿಹಿಡಿದು ಮುಳ್ಳು ನೋಡುತ್ತಿದ್ದರು. ಅದು ಐವತ್ತಾರು, ಅಂದರೆ ಅಸಲಿ ಐವತ್ತೆರಡು, ಮುಟ್ಟಿದ ದಿನ ಯಜಮಾನರು ಸ್ಕ್ರೂವನ್ನು ನಾಲ್ಕು ಕಿಲೋ ಹಿಂದಕ್ಕೆ ತಿರುಗಿಸಿದರು. ಎರಡೂ ಸರಿಹೋದವು. ತನ್ನ ಮೇಲೆ ಒಬ್ಬರ ಕಣ್ಣಿದೆ ಎಂಬುದಕ್ಕೆ ಅವಳಿಗೆ ಅವತ್ತು ಅಳು ಬಂತು, ಅತ್ತಳು ಕೂಡ.

೫.
ಈಗ ಆಸ್ಪತ್ರೆ. ಅಂಗಡಿ ಮುಚ್ಚಿ ವರ್ಷಗಳಾಗಿವೆ. ಯಜಮಾನರಿಗೆ ಆಪರೇಷನ್ ಆಗಬೇಕು, ಐವತ್ತು ಕಿಲೋ ಇಲ್ಲದಿದ್ದರೆ ಡಾಕ್ಟರು ಕೈ ಹಾಕುವುದಿಲ್ಲ. ಹೋದ ತಿಂಗಳು ನಲವತ್ತೇಳಿದ್ದರು. ಅಲ್ಲಿಂದೀಚೆಗೆ ಅವಳು ದಿನಾ ಬಂದು ಮೊಟ್ಟೆ ಸುಲಿಯುತ್ತಿದ್ದಾಳೆ. ಇವತ್ತು ತೂಕದ ದಿನ. ಯಜಮಾನರದ್ದು ಒಂದೇ ಹಟ: "ನಾನು ಮುಟ್ಟದಿರೋ ತಕ್ಕಡಿ ಮೇಲೆ ನಾನು ನಿಲ್ಲಲ್ಲ." ಹಾಗಾಗಿ ಅವಳೂ ರದ್ದಿಯವನೂ ಸೇರಿ ಆ ಹಳೇ ತಕ್ಕಡಿಯನ್ನೇ ಮೂರನೇ ಮಹಡಿಗೆ ಹೊತ್ತು ತಂದಿದ್ದಾರೆ. ಅವಳೇ ಹತ್ತಿ ಪರೀಕ್ಷೆಯನ್ನೂ ಮಾಡಿದಳು. (ಈಗ ಅವಳು ಅರವತ್ತೊಂದು. ಇದನ್ನು ಬರೆಯಬೇಡಿ ಎಂದಿದ್ದಳು.)

ಮುಕ್ತಾಯ ಒಂದು: ಅವಳು ಯಾರಿಗೂ ಕಾಣದಂತೆ ಸ್ಕ್ರೂ ತಿರುಗಿಸುತ್ತಾಳೆ.

"ಸುಳ್ಳು ತೂಕ ತೋರಿಸಿ ಅವರನ್ನ ಟೇಬಲ್ ಮೇಲೆ ಮಲಗಿಸ್ಲಾ? ನಿಮಗೇನು, ಕಥೆ ಮುಗಿಯುತ್ತೆ" ಎಂದಳು ನನಗೆ.

ಮುಕ್ತಾಯ ಎರಡು: ಮುಳ್ಳು ನಲವತ್ತಾರಕ್ಕೆ ನಿಲ್ಲುತ್ತದೆ.

ಅವಳು ನನ್ನ ಪೆನ್ನು ಕಿತ್ತುಕೊಂಡಳು.

೬.
ಯಜಮಾನರು ಹಲಗೆಯ ಮೇಲೆ ಹತ್ತಿದರು. ಮುಳ್ಳು ಎದ್ದು ತೂಗಾಡತೊಡಗಿತು. ಡಾಕ್ಟರು ಬಗ್ಗಿದರು.

"ನಿಂತಿಲ್ಲ ಇನ್ನೂ. ಓದ್ಬೇಡಿ" ಎಂದರು ಯಜಮಾನರು.

ಅವಳು ಒಂದು ಮೊಟ್ಟೆ ಸುಲಿದು, ಅರ್ಧ ಮುರಿದು, ಅವರ ಬಾಯಿಗಿಟ್ಟಳು. ಅಗಿದಂತೆಲ್ಲ ಹಲಗೆ ಅಲುಗಿತು, ಮುಳ್ಳೂ ಅಲುಗಿತು. ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಇನ್ನರ್ಧ ಕೊಟ್ಟಳು.

"ಏನಮ್ಮ ಇದು, ಸಾಕು ನಿಲ್ಸಿ" ಎಂದರು ಡಾಕ್ಟರು.

ಅವಳು ಡಬ್ಬಿಯೊಳಗೆ ನೋಡಿದಳು. ಇನ್ನೂ ಐದು ಮೊಟ್ಟೆಗಳಿವೆ. ಪೆನ್ನು ಅವಳ ಹತ್ತಿರವೇ ಇದೆ. ನಾನೂ ನೀವೂ ರದ್ದಿಯವನ ಜೊತೆ ಬಾಗಿಲಲ್ಲಿ ನಿಂತಿದ್ದೇವೆ, ಇಲ್ಲಿಂದ ಅಂಕಿ ಕಾಣುವುದಿಲ್ಲ.

"ಸ್ಪೇರ್ ಪಾರ್ಟ್ಸ್, ಅರವತ್ತಾರು" ಎನ್ನುತ್ತಿದ್ದಾಳೆ ಅವಳು. "ಬಾಯಿ ತೆಗೀರಿ."